ಹಿಮ್ಮಡಿ ಉಜ್ಜುವ ಬೋಕಿ

ನನಗೆ ಆಗ ಎಪ್ಪತ್ತೊಂದು ವರ್ಷ. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಬಚ್ಚಲುಮನೆಯ ಕಲ್ಲಿನ ಮೇಲೆ ಕೂತು ಬೋಕಿಯಿಂದ ಹಿಮ್ಮಡಿ ಉಜ್ಜುತ್ತಿದ್ದೆ. ಬೋಕಿ ಎಂದರೆ ಒಡೆದ ಮಡಕೆಯ ಚೂರು. ಇದನ್ನೂ ಬಿಡಿಸಿ ಹೇಳುವ ಕಾಲ ಬಂತು, ಯಾಕೆಂದರೆ ಈಗಿನವರ ಬಚ್ಚಲಿನಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಬ್ರಶ್ಶು ನೇತಾಡುತ್ತಿರುತ್ತದೆ. ಅದರಿಂದ ಉಜ್ಜಿದರೆ ಹಿಮ್ಮಡಿಗೆ ಕಚಗುಳಿಯಾಗುತ್ತದೆಯೇ ಹೊರತು ಕೊಳೆ ಹೋಗುವುದಿಲ್ಲ. ನನ್ನ ಹಿಮ್ಮಡಿಯೋ ಬೇಸಿಗೆಯ ಕೆರೆಯಂಗಳ. ಅದಕ್ಕೆ ಮಣ್ಣೇ ಮದ್ದು. ನನ್ನ ಬೋಕಿ ಒಳಗೆ ಕಪ್ಪು, ಹೊರಗೆ ಕೆಂಪು, ಅಂಗೈಯಗಲ, ಹಿಡಿದರೆ ಬೆರಳಿಗೆ ತಾನಾಗಿ ಕೂರುತ್ತದೆ. ಅದು ನನ್ನ ಅತ್ತೆಯದು. ಅತ್ತೆ ಬಿಟ್ಟುಹೋದದ್ದರಲ್ಲಿ ಮಕ್ಕಳು ಪಾಲು ಕೇಳದೆ ಉಳಿಸಿದ ಸಾಮಾನು ಅದೊಂದೇ.

ಒಂದು ಮಡಕೆ ಮಡಕೆಯಾಗಿ ಬದುಕುವುದು ಎಷ್ಟು ದಿನ ಹೇಳಿ? 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂದು ಗಾದೆ ಕಟ್ಟಿದವರು ಆ ನಿಮಿಷಕ್ಕೇ ಕೈ ತೊಳೆದುಕೊಂಡು ಎದ್ದುಬಿಟ್ಟರು. ಆಮೇಲಿನ ಲೆಕ್ಕ ಅವರಿಗೆ ಬೇಕಾಗಲಿಲ್ಲ. ಒಡೆದ ಮೇಲೆಯೇ ಅದಕ್ಕೆ ಕೆಲಸ ಹೆಚ್ಚು. ಕೋಳಿಗೆ ನೀರು ಇಡುವುದಕ್ಕೆ, ಅಲುಗಾಡುವ ಮಂಚದ ಕಾಲಿಗೆ, ಕುಂಟೆಬಿಲ್ಲೆ ಆಡುವ ಹುಡುಗಿಯರಿಗೆ, ಬಾಣಂತಿ ಕೋಣೆಗೆ ಸಾಂಬ್ರಾಣಿ ಹೊಗೆ ಹಾಕುವುದಕ್ಕೆ, ಬೆಂಕಿಪೆಟ್ಟಿಗೆ ಇಲ್ಲದ ದಿನಗಳಲ್ಲಿ ಪಕ್ಕದ ಮನೆಯಿಂದ ಕೆಂಡ ತರುವುದಕ್ಕೆ. ಮನುಷ್ಯರನ್ನು ನೋಡಿದರೆ ನನಗೆ ಇದು ತಿರುಗುಮುರುಗಾಗಿ ಕಾಣುತ್ತದೆ; ನಾವು ಗಟ್ಟಿಯಾಗಿದ್ದಾಗ ಕೆಲಸ, ಒಡೆದ ಮೇಲೆ ಮೂಲೆ. ನನ್ನನ್ನು ಇನ್ನೂ ಮೂಲೆಗೆ ಇಟ್ಟಿಲ್ಲ, ಇಟ್ಟರೆ ಅಲ್ಲಿಂದಲೇ ಬೈಯುತ್ತೇನೆ ಎಂದು ಮಗನಿಗೂ ಸೊಸೆಗೂ ಗೊತ್ತು.

ನಮ್ಮೂರು ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ನಡುವೆ. ನಮ್ಮ ತೆಂಗಿನ ತೋಟ ದಾಟಿದರೆ ಒಂದು ದಿಣ್ಣೆ, ಅದಕ್ಕೆ ಹಾಳೂರು ಎನ್ನುತ್ತೇವೆ. ಯಾವುದೋ ಕಾಲದಲ್ಲಿ ಅಲ್ಲಿ ಊರಿತ್ತು, ಆಮೇಲೆ ಇಲ್ಲವಾಯಿತು. ಯಾಕೆ ಇಲ್ಲವಾಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ, ಎಲ್ಲವೂ ಸುಳ್ಳು. ಗೊತ್ತಿರುವುದು ಇಷ್ಟೇ: ಅಲ್ಲಿನ ಹೊಲದೊಳಗೆ ನೇಗಿಲು ಹೂಡಿದರೆ ಬೋಕಿ ಏಳುತ್ತವೆ. ಮತ್ತು ಹಾಳೂರಿನ ಸಾಮಾನು ಬೆಂಕಿ ಕಾಣದೆ ಮನೆಯ ಹೊಸ್ತಿಲು ದಾಟಬಾರದು. ಇದು ನಮ್ಮೂರಿನ ಶಾಸ್ತ್ರ. ಸತ್ತ ಊರಿನದು ಬದುಕಿರುವ ಮನೆಗೆ ಬರಬೇಕಾದರೆ ಮೊದಲು ಒಲೆಯೊಳಗೆ ಹೋಗಿ ಕೆಂಪಗಾಗಿ, ಬೂದಿಯಲ್ಲಿ ಆರಿ, ಆಮೇಲೆ ಬರಬೇಕು. ನನ್ನ ಹಿಮ್ಮಡಿ ಬೋಕಿಗೂ ಅತ್ತೆ ಹಾಗೆಯೇ ಮಾಡಿದ್ದರು. ನಾನು ಈ ಶಾಸ್ತ್ರವನ್ನು ನಂಬುತ್ತೇನೋ ಇಲ್ಲವೋ ಎಂದು ಯಾರೂ ಕೇಳಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು, ನನಗೂ ಗೊತ್ತಿಲ್ಲ.

ಆ ವರ್ಷ ದಿಣ್ಣೆ ಅಗೆಯುವುದಕ್ಕೆ ಒಂದು ತಂಡ ಬಂತು. ಅಗೆದರು, ಬರೆದುಕೊಂಡರು, ಕೊನೆಗೆ ಗುಂಡಿ ಮುಚ್ಚಿ ಹೊರಟುಹೋದರು. ಹಿಂದೆ ಉಳಿದವಳು ಅರ್ಪಿತಾ, ತುಮಕೂರಿನ ಕಡೆಯ ಹುಡುಗಿ, ದೊಡ್ಡ ಓದು ಓದುತ್ತಿದ್ದಳು. ಅವಳಿಗೆ ಚಿನ್ನ ಬೇಡ, ವಿಗ್ರಹ ಬೇಡ, ಬೋಕಿ ಬೇಕು. ಗುಂಡಿಯ ಯಾವ ಪದರದಲ್ಲಿ ಯಾವುದು ಸಿಕ್ಕಿತೆಂದು ನೋಡಿ, ಆರಿಸಿ, ತೊಳೆದು, ಒಣಗಿಸಿ, ನಂಬರು ಹಾಕುವುದಕ್ಕೆ ನಮ್ಮ ಪಡಸಾಲೆಯಲ್ಲಿ ಉಳಿದುಕೊಂಡಳು. ಮೂರು ವರ್ಷದ ಓದು ಈ ಬೋಕಿಗಳ ಮೇಲೆ ನಿಂತಿದೆ ಎಂದಳು. ನಾನು ಓದಿದ್ದೂ ಮೂರೇ ವರ್ಷ, ಮೂರನೇ ಕ್ಲಾಸಿನವರೆಗೆ. ಒತ್ತಕ್ಷರ ಬಂದರೆ ಈಗಲೂ ನಿಂತು ಉಸಿರು ತೆಗೆದುಕೊಂಡು ಮುಂದಕ್ಕೆ ಹೋಗುತ್ತೇನೆ. ಹಾಗಾಗಿ ಅವಳ ವಿದ್ಯೆಯ ಹೆಸರನ್ನು ಬರೆಯುವ ಸಾಹಸ ಮಾಡುವುದಿಲ್ಲ. ಅದರ ಸಾರ ಮಾತ್ರ ಹೇಳುತ್ತೇನೆ.

ಭೂಮಿ ಒಂದು ದೊಡ್ಡ ಅಯಸ್ಕಾಂತವಂತೆ. ಅದರ ಎಳೆತ ಯಾವಾಗಲೂ ಒಂದೇ ಸಮ ಇರುವುದಿಲ್ಲವಂತೆ, ಕೆಲವು ಕಾಲ ಜೋರು, ಕೆಲವು ಕಾಲ ಸಪ್ಪೆ. ಅದನ್ನು ಅಳೆಯುವ ಯಂತ್ರ ಹುಟ್ಟಿದ್ದು ಮೊನ್ನೆ ಮೊನ್ನೆ. ಅದಕ್ಕೂ ಮುಂಚೆ ಹೇಗಿತ್ತೆಂದು ತಿಳಿಯಬೇಕಾದರೆ ಯಾರನ್ನು ಕೇಳುವುದು? ಮಡಕೆಯನ್ನು. ಮಣ್ಣಿನೊಳಗೆ ಕಣ್ಣಿಗೆ ಕಾಣದ ಕಬ್ಬಿಣದ ಹುಡಿ ಇರುತ್ತದೆ. ಮಡಕೆ ಸುಡುವಾಗ ಆ ಹುಡಿ ದಿಕ್ಕುತಪ್ಪಿ ನಿಲ್ಲುತ್ತದೆ. ಆರುವಾಗ ಭೂಮಿ ಎಳೆದ ಕಡೆಗೆ ತಿರುಗಿ, ಹಾಗೆಯೇ ಗಟ್ಟಿಯಾಗಿಬಿಡುತ್ತದೆ.

ನನಗೆ ಮೊದಲ ಸಲ ತಲೆಗೆ ಹೋಗಲಿಲ್ಲ. ಎರಡನೆಯ ಸಲ ಹಿರೀಸಾವೆ ಬಸ್ ಸ್ಟಾಪು ನೆನಪಿಗೆ ಬಂತು. ಅಲ್ಲಿ ಜನ ನಿಂತಿರುವುದನ್ನು ನೋಡಿ: ಒಬ್ಬ ಟೀ ಅಂಗಡಿ ಕಡೆಗೆ, ಒಬ್ಬಳು ಮಗುವಿನ ಕಡೆಗೆ, ಒಬ್ಬ ಯಾರ ಕಡೆಗೂ ಅಲ್ಲ. ಅಷ್ಟರಲ್ಲಿ ಹಾಸನದ ಬಸ್ಸು ಬರುತ್ತದೆ. ಸೀಟು ಖಾಲಿ ಇರುವ ಬಸ್ಸಾದರೆ ಎಲ್ಲರ ಮುಖವೂ ಒಂದೇ ಕಡೆ. ಬಾಗಿಲಿಗೆ ಜೋತುಬಿದ್ದ ಜನರಿರುವ ಬಸ್ಸಾದರೆ ಅರ್ಧ ಜನ ತಿರುಗುವುದೇ ಇಲ್ಲ. ಆ ಕ್ಷಣಕ್ಕೆ ಯಾರೋ ಫೋಟೊ ಹೊಡೆದರು ಎನ್ನಿ. ಫೋಟೊದಲ್ಲಿ ಬಸ್ಸು ಕಾಣಿಸದಿದ್ದರೂ ಪರವಾಗಿಲ್ಲ, ಎಷ್ಟು ಮುಖ ತಿರುಗಿವೆ ಎಂದು ನೋಡಿದರೆ ಬಸ್ಸಿನ ಎಳೆತ ಎಷ್ಟಿತ್ತೆಂದು ಗೊತ್ತಾಗುತ್ತದೆ. ಮಡಕೆ ಆರುವುದೆಂದರೆ ಆ ಫೋಟೊ.

“ಅಜ್ಜಿ, ನಮ್ಮ ಮೇಡಂ ಮುಂದೆ ಇದನ್ನೇ ಹೇಳ್ತೀನಿ,” ಎಂದು ಅರ್ಪಿತಾ ನಕ್ಕಳು.

“ಹೇಳು ಮಗ. ಬಸ್ಸಿನ ಟಿಕೀಟು ಮಾತ್ರ ನನ್ ಕೇಳ್ಬ್ಯಾಡ,” ಎಂದೆ.

ಅವಳು ಹೇಳಿದ ಇನ್ನೊಂದು ಮಾತು ಮುಖ್ಯ. ಆ ಮಡಕೆ ಮತ್ತೊಮ್ಮೆ ಕೆಂಪಗೆ ಕಾದರೆ ಹಳೆಯ ಫೋಟೊ ಅಳಿಸಿಹೋಗುತ್ತದೆ. ಆರುವಾಗ ಹೊಸದು ಬೀಳುತ್ತದೆ. ಮಣ್ಣಿಗೆ ನೆನಪಿರುವುದು ಕೊನೆಯ ಬೆಂಕಿ ಮಾತ್ರ. ಇದನ್ನು ನಾನು ಕೇಳಿಸಿಕೊಂಡೆ. ನನ್ನ ಓರಗಿತ್ತಿ ತಾಯಮ್ಮ ಕೇಳಿಸಿಕೊಳ್ಳಲಿಲ್ಲ, ಅವಳು ಹಿತ್ತಲಿನಲ್ಲಿ ಹಸುವಿನ ಹತ್ತಿರ ಮಾತಾಡುತ್ತಿದ್ದಳು.

ತಾಯಮ್ಮ ನನ್ನ ಮೈದುನನ ಹೆಂಡತಿ. ನನಗಿಂತ ಐದು ವರ್ಷ ಚಿಕ್ಕವಳು, ಎರಡು ಪಟ್ಟು ದಪ್ಪ, ಮೂರು ಪಟ್ಟು ಒಳ್ಳೆಯವಳು. ಒಳ್ಳೆಯವರ ಜೊತೆ ಸಂಸಾರ ಮಾಡುವುದು ಕಷ್ಟ; ಅವರು ಕೆಟ್ಟದ್ದು ಮಾಡಿದಾಗ ಬೈಯುವುದಕ್ಕೆ ಬಾಯಿ ಬರುವುದಿಲ್ಲ. ಹುಡುಗಿ ಬಂದ ದಿನದಿಂದ ತಾಯಮ್ಮನ ಹಟ ಒಂದೇ: ಬೋಕಿಯ ಚೀಲಗಳು ಜಗಲಿಯ ಮೇಲೇ ಇರಬೇಕು, ಹೊಸ್ತಿಲು ದಾಟಬಾರದು. ಹುಡುಗಿ ಒಪ್ಪಿಕೊಂಡಿದ್ದಳು. ಒಂದು ಸಂಜೆ ಅಕಾಲದ ಮಳೆ ಬಂತು. ನಂಬರೆಲ್ಲ ತೊಳೆದುಹೋದಾವೆಂದು ಅರ್ಪಿತಾ ನೆನೆದುಕೊಂಡೇ ಚೀಲಗಳನ್ನು ಒಂದೊಂದಾಗಿ ಪಡಸಾಲೆಗೆ ಹೊತ್ತು ತಂದಳು. ಮಾರನೆಯ ದಿನ ಅವಳಿಗೆ ಜ್ವರ. ಮಳೆಯಲ್ಲಿ ನೆನೆದರೆ ಜ್ವರ ಬರುತ್ತದೆ ಎಂದು ನನಗೆ ಅನ್ನಿಸಿತು. ತಾಯಮ್ಮನಿಗೆ ಬೇರೆ ಅನ್ನಿಸಿತು.

ನನ್ನ ಮಗ ಹುಡುಗಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೊಳೆನರಸೀಪುರದ ಆಸ್ಪತ್ರೆಗೆ ಹೋದ. ಅವರ ಹಿಂದೆಯೇ ನಾನು ಬಸ್ಸಿನಲ್ಲಿ ಹೋದೆ, ಯಾಕೆಂದರೆ ಇಂಜೆಕ್ಷನ್ ಎಂದರೆ ಆ ಹುಡುಗಿ ನಡುಗುತ್ತಿದ್ದಳು. ನಾವು ತಿರುಗಿ ಬರುವಾಗ ದೀಪ ಹಚ್ಚುವ ಹೊತ್ತು. ಹಂಡೆ ಒಲೆ ಧಗಧಗ ಉರಿಯುತ್ತಿತ್ತು. ತಾಯಮ್ಮ ಅದರ ಮುಂದೆ ಕೂತು ತೆಂಗಿನ ಚಿಪ್ಪು ತುಂಬುತ್ತಿದ್ದಳು. ಹುಡುಗಿಗೆ ಬಿಸಿನೀರು ಕಾಯಿಸುತ್ತಿದ್ದಾಳೆ ಎಂದುಕೊಂಡೆ.

ಬೆಳಗ್ಗೆ ಅರ್ಪಿತಾಳ ಮೈ ತಣ್ಣಗಾಗಿತ್ತು. ತಾಯಮ್ಮ ಕಾಫಿ ತಂದು ಕೊಟ್ಟು, ಹಣೆ ಮುಟ್ಟಿ ನೋಡಿ, ಮುಖ ಅರಳಿಸಿದಳು.

“ಬುಡ್ತಲ್ಲವ್ವ ಜ್ವರ! ಬುಡ್ದೆ ಏನು, ನೆನ್ನೆನೇ ಎಲ್ಲಕ್ಕೂ ಬೆಂಕಿ ಕಾಣಿಸ್ಬುಟ್ಟಿವ್ನಿ. ಇನ್ನೇನೂ ಭಯ ಇಲ್ಲ ಕಣ್ ಮಗ.”

“ಎಲ್ಲಕ್ಕೂ ಅಂದ್ರೆ? ಯಾವುದಕ್ಕೆ ಚಿಕ್ಕಜ್ಜಿ?”

“ಅದೇ, ನಿನ್ ಬೋಕಿಗೆ. ಕೆಂಡ್ದಂಗೆ ಕೆಂಪಗಾಗೋಗಂಟ ಬುಟ್ಟಿದ್ದೆ. ಬೂದೀಲಿ ತಣ್ಣಗ್ ಮಲಗವೆ, ನೋಡೋಗು. ಒಂದೂ ಒಡ್ದಿಲ್ಲ.”

ಇಷ್ಟು ಹೇಳಿ, ಒಳ್ಳೆಯ ಕೆಲಸ ಮಾಡಿದವರ ನಡಿಗೆಯಲ್ಲಿ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಳು.

ಅರ್ಪಿತಾ ಹಂಡೆ ಒಲೆಯ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತಳು. ಬೂದಿ ಕೆದಕಿ ಒಂದು ಚೂರು ಎತ್ತಿದಳು. ಅಷ್ಟು ಚೆನ್ನಾಗಿ ಬರೆದಿದ್ದ ನಂಬರು ಇರಲಿಲ್ಲ. ಮೂಗು ಒರೆಸಿಕೊಳ್ಳುತ್ತಾ ಚೂರುಗಳನ್ನು ಒಂದೊಂದಾಗಿ ಮೊರಕ್ಕೆ ಹಾಕತೊಡಗಿದಳು. ರಾಗಿ ಕೇರುವ ಮೊರದಲ್ಲಿ ಅವಳ ಮೂರು ವರ್ಷ ಇತ್ತು.

“ಮತ್ತೆ ಅಗೆಯಕ್ಕಾಗಲ್ವ?” ಎಂದು ಕೇಳಿದೆ.

“ಗುಂಡಿ ಮುಚ್ಚಾಯ್ತು ಅಜ್ಜಿ. ಮತ್ತೆ ಅನುಮತಿ ಯಾವಾಗ ಸಿಗುತ್ತೋ. ಇವೆಲ್ಲ ಒಂದೇ ದೊಡ್ಡ ಗುಡಾಣದ ಚೂರು. ಕೆಳಗಿನ ಪದರದಲ್ಲಿ ಸಿಕ್ಕಿದ್ದು ಇದೊಂದೇ. ಇದರಲ್ಲೇ ಕೆಲವು ಚೂರು ನಂಬರ್ ಹಾಕೋಕೆ ಮೊದಲೇ ಟಾರ್ಪಾಲ್ ಮೇಲಿಂದ ಮಾಯ ಆಗಿದ್ವು. ಅವಾದ್ರೂ ಇದ್ದಿದ್ರೆ…”

ಮಾಯವಾಗಿದ್ದವು! ನಮ್ಮೂರಿನಲ್ಲಿ ಯಾವುದೂ ಮಾಯವಾಗುವುದಿಲ್ಲ, ಕೈ ಬದಲಾಗುತ್ತದೆ ಅಷ್ಟೆ. ಟಾರ್ಪಾಲಿನ ಸುತ್ತ ನಿಂತ ಜನರಿಗೆ ಈ ಹುಡುಗಿಯೇ ಒಂದು ದಿನ, “ಇವಕ್ಕೆ ಬೆಲೆ ಕಟ್ಟೋಕಾಗಲ್ಲ,” ಎಂದಿದ್ದಳು. ಬೆಲೆ ಕಟ್ಟಲಾಗದ್ದು ಎಂದರೆ ಓದಿದವರಿಗೆ ಒಂದು ಅರ್ಥ, ಊರಿನವರಿಗೆ ಇನ್ನೊಂದು. ಅಂದು ಸಂಜೆಯೇ ಯಾರ ಯಾರ ಮಡಿಲಿನಲ್ಲಿ ಏನೇನು ಹೋಗಿರಬಹುದೆಂದು ನನಗೆ ಅಂದಾಜಿತ್ತು. ಆದರೆ ಒಂದು ನೆಮ್ಮದಿ: ನಮ್ಮೂರಿನವರು ಕದಿಯುವಾಗಲೂ ಶಾಸ್ತ್ರ ಬಿಡುವುದಿಲ್ಲ. ಹಾಳೂರಿನದನ್ನು ಯಾರೂ ಮನೆಯೊಳಗೆ ತೆಗೆದುಕೊಂಡು ಹೋಗಿರುವುದಿಲ್ಲ. ಹೊರಗೇ, ಕೋಳಿಗೂಡಿನ ಹತ್ತಿರ, ಕೊಟ್ಟಿಗೆಯ ಗೋಡೆಯ ಮೇಲೆ ಇಟ್ಟಿರುತ್ತಾರೆ. ಬೆಂಕಿ ಮುಟ್ಟಿರುವುದಿಲ್ಲ.

“ಏಳು ಮಗ, ಮೂಗು ಒರೆಸ್ಕೊ,” ಎಂದು ಹೊರಗೆ ಬಂದೆ. ಬಂದವಳು ಜಗಲಿಯ ಮೇಲೇ ನಿಂತುಬಿಟ್ಟೆ.

ಬೀದಿಯ ಉದ್ದಕ್ಕೂ ಬಚ್ಚಲುಮನೆಗಳಿಂದ ಹೊಗೆ ಏಳುತ್ತಿತ್ತು. ಹಬ್ಬವಲ್ಲ, ಎಣ್ಣೆನೀರಿನ ದಿನವಲ್ಲ. ಸೋಲಾರು ಹಾಕಿಸಿದ ಮನೆಯವರೂ ಹಂಡೆ ಒಲೆ ಹಚ್ಚಿದ್ದರು. ನಮ್ಮ ತಾಯಮ್ಮ ಹಸುವಿನ ಹಾಲನ್ನು ಅಳೆಸುವಷ್ಟರಲ್ಲಿ ಡೈರಿಯ ಮುಂದಿದ್ದವರಿಗೆಲ್ಲ ವರದಿ ಒಪ್ಪಿಸಿದ್ದಳು: ಬೆಂಕಿ ಕಾಣದ ಬೋಕಿಯಿಂದ ಹುಡುಗಿಗೆ ಜ್ವರ ಬಂತು, ಬೆಂಕಿ ಕಂಡ ರಾತ್ರಿಯೇ ಜ್ವರ ಬಿಟ್ಟಿತು. ಬೋಕಿ ಎತ್ತಿಕೊಂಡು ಹೋಗಿದ್ದ ಪ್ರತಿಯೊಬ್ಬರಿಗೂ ಆ ಕ್ಷಣವೇ ಮೈ ಬೆಚ್ಚಗಾಗಿದೆ. ಯಾರೂ ಯಾರಿಗೂ ಹೇಳದೆ ಓಡಿಬಂದು ಒಲೆ ಹಚ್ಚಿದ್ದಾರೆ.

ನಾನು ಓಡಿದೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಓಡುವುದೆಂದರೆ ಏನೆಂದು ವರ್ಣಿಸುವುದು ಬೇಡ. ದಾರಿಯಲ್ಲಿ ಮಲಗಿದ್ದ ನಾಯಿ ಎದ್ದು ನೋಡಿ ಮತ್ತೆ ಮಲಗಿತು.

ಮೊದಲು ಪಕ್ಕದ ಜಯಮ್ಮನ ಮನೆ. ಅವಳ ಹಿತ್ತಲಿನಲ್ಲಿ ಕೋಳಿಗಳು ನೀರಿನ ಪಾತ್ರೆ ಕಾಣದೆ ಗಲಾಟೆ ಮಾಡುತ್ತಿದ್ದವು. ಜಯಮ್ಮ ಒಲೆಯ ಬಾಯಿಗೆ ಬಗ್ಗಿದ್ದಳು, ಕೈಯಲ್ಲಿ ಇನ್ನೂ ಬೆಂಕಿಗೆ ಬೀಳದ ಚೂರು.

“ತತ್ತಾ ಇಲ್ಲಿ!”

“ಯಾವ್ದು ನಿಂಗಕ್ಕ? ಏನ್ ತತ್ತಾ?” ಎಂದು ಸೆರಗಿನೊಳಗೆ ಮುಚ್ಚಿಕೊಂಡಳು.

“ನಿನ್ ಕೋಳಿ ಕೇಳ್ತಾ ಅವೆ ನೋಡು, ಅದೇ.”

“ಅಯ್ಯೋ, ಗಾಳಿಗೆ ಆರ್ಕೊಂಡ್ ಬಂದಿತ್ತು ಕಣಕ್ಕ.”

“ಊ, ಗುಡಾಣದ ಚೂರು ಗುಬ್ಬಚ್ಚಿ ಅಲ್ವ, ಆರ್ಕೊಂಡ್ ಬತ್ತದೆ. ಕೊಡು ಇತ್ಲಾಗೆ. ನಿಂಗೆ ಜ್ವರ ಬಂದ್ರೆ ನಾನ್ ಗಂಜಿ ಕಾಸ್ಕೊಡ್ತೀನಿ.”

ಕೊಟ್ಟಳು. ಕೊಟ್ಟ ಮೇಲೆ ಕೈ ತೊಳೆದುಕೊಂಡಳು.

ಅಷ್ಟರಲ್ಲಿ ಡೈರಿಯಿಂದ ತಾಯಮ್ಮ ಬಂದಳು. ನಾನು ಏದುಸಿರು ಬಿಡುತ್ತಾ, ಬೀದಿಯ ನಡುವೆಯೇ, ಬಸ್ ಸ್ಟಾಪಿನ ಫೋಟೊದಿಂದ ಹಿಡಿದು ಹುಡುಗಿಯ ಕಣ್ಣೀರಿನವರೆಗೂ ಎಲ್ಲವನ್ನೂ ಹೇಳಿದೆ. ಅವಳ ಮುಖ ಸಪ್ಪಗಾಯಿತು. ಆ ಮುಖವನ್ನು ನಾನು ಅವಳ ಗಂಡ ಹೋದ ದಿನ ನೋಡಿದ್ದೆ, ಮತ್ತೆ ನೋಡಿದ್ದು ಅಂದೇ.

“ಅಂಗಾರೆ ಆ ಕೂಸಿನ ಓದ್ನೆಲ್ಲ ನಾನೇ ಒಲೆಗಾಕ್ಬುಟ್ನಾ ಅಕ್ಕ?”

“ಊ ಕಣೆ. ಈಗ ಅಳ್ತಾ ನಿಂತ್ರೆ ಮಿಕ್ಕಿದ್ದೂ ಬೇಯ್ತದೆ. ನಡಿ.”

ತಾಯಮ್ಮ ಖಾಲಿ ಕ್ಯಾನನ್ನು ಬೀದಿ ನಲ್ಲಿಗೆ ಹಿಡಿದು ತುಂಬಿಕೊಂಡಳು. ಯಾಕೆಂದು ನನಗೆ ತಿಳಿದದ್ದು ಡೈರಿ ಸೆಕ್ರೆಟರಿ ಪುಟ್ಟಸ್ವಾಮಿಯ ಮನೆಯಲ್ಲಿ. ಪುಟ್ಟಸ್ವಾಮಿ ಲೆಕ್ಕದ ಮನುಷ್ಯ, ಮರ್ಯಾದಸ್ಥ, ಬಾಗಿಲಿಗೇ ಅಡ್ಡ ನಿಂತು, “ನಾನ್ಯಾಕ್ ದೊಡ್ಡವ್ವ ಅದುನ್ನೆಲ್ಲ ಮುಟ್ಟಕ್ಕೋಗ್ಲಿ?” ಎಂದ. ಅವನ ಕಾಲಿನ ಸಂದಿಯಲ್ಲಿ ನನಗೆ ಬಚ್ಚಲೊಲೆ ಕಾಣಿಸುತ್ತಿತ್ತು, ಒಲೆಯ ಬಾಯಿಯಿಂದ ಬೋಕಿಯ ಅಂಚು ಇಣುಕುತ್ತಿತ್ತು. ಮಾತಾಡುವುದಕ್ಕೆ ನಾನಿನ್ನೂ ಬಾಯಿ ತೆರೆದಿರಲಿಲ್ಲ, ತಾಯಮ್ಮ ಅವನನ್ನು ಬಲಗೈಯಿಂದ ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿ ಕ್ಯಾನಿನ ನೀರನ್ನೆಲ್ಲ ಒಲೆಗೆ ಸುರಿದೇಬಿಟ್ಟಳು. ಭುಸ್ಸೆಂದು ಬೂದಿ ಎದ್ದಿತು. ಹೊಗೆಯೊಳಗಿಂದ, ಮೈತುಂಬ ಸೋಪು ಹಚ್ಚಿಕೊಂಡು ಬಿಸಿನೀರಿಗೆ ಕಾಯುತ್ತಿದ್ದ ಪುಟ್ಟಸ್ವಾಮಿಯ ಮಾವನ ದನಿ ಕೇಳಿಸಿತು:

“ಯಾವಳ್ಳಾ ಅವ್ಳು? ಕಣ್ಣುರಿ! ನೀರಾಕ್ರೋ!”

“ಆಕಾಯ್ತು ಗೌಡ್ರೆ, ಒಲೆಗೆ,” ಎಂದು ತಾಯಮ್ಮ ಮರ್ಯಾದೆಯಾಗಿ ಉತ್ತರ ಕೊಟ್ಟು, ಚೂರನ್ನು ಇಕ್ಕಳದಲ್ಲಿ ಎಳೆದುಕೊಂಡಳು. ಅದು ಆಗಲೇ ಕೆಂಪಗೆ ಕಾದುಹೋಗಿತ್ತು. ಆ ಒಂದು ನಮಗೆ ತಪ್ಪಿತು. ಇವತ್ತಿಗೂ ಪುಟ್ಟಸ್ವಾಮಿಯ ಮಾವ ಅಳಿಯನ ಮನೆಗೆ ಬಂದರೆ ಸ್ನಾನಕ್ಕೆ ಮೊದಲು, “ಆ ತಾಯಮ್ಮ ಊರಲ್ಲವ್ಳಾ?” ಎಂದು ಕೇಳುತ್ತಾರಂತೆ.

ಆಮೇಲೆ ನಾವು ಕೇಳುತ್ತಾ ಹೋಗಬೇಕಾಗಲಿಲ್ಲ. ಕ್ಯಾನು ಹಿಡಿದ ತಾಯಮ್ಮ “ಒಲೆ ಆರಿಸ್ರೋ!” ಎಂದು ಕೂಗುತ್ತಾ ಬರುತ್ತಿದ್ದರೆ, ಜನ ತಮ್ಮ ಒಲೆ ಉಳಿದರೆ ಸಾಕೆಂದು ತಾವೇ ಚೂರು ಹಿಡಿದು ಬಾಗಿಲಿಗೆ ಬಂದರು. ಟೀ ಹೋಟೆಲಿನ ಕರಿಯಪ್ಪ ಬೆಂಚಿನ ಕಾಲಿನಡಿ ಇಟ್ಟಿದ್ದನ್ನು ಒಲೆಗೆ ಹಾಕಲು ಹೋಗಿ, ಸೌದೆ ಹಸಿಯಾದ್ದರಿಂದ ಇನ್ನೂ ಊದುಗೊಳವೆ ಊದುತ್ತಿದ್ದ. ಅವನ ಕಣ್ಣಿನಲ್ಲಿ ನೀರು, ಚೂರು ತಣ್ಣಗೆ. ಅಷ್ಟು ಸೋಮಾರಿ ಸೌದೆಗೆ ನಾನು ಜೀವಮಾನದಲ್ಲಿ ಅಂದು ಒಂದೇ ಸಲ ಕೈ ಮುಗಿದದ್ದು.

ಜಗಲಿಯ ಮೇಲೆ ಗೋಣಿ ಹಾಸಿ ಎಲ್ಲವನ್ನೂ ಇಟ್ಟೆವು. ಒಂದು ಕಡೆ ನಮ್ಮ ಒಲೆಯಲ್ಲಿ ಬೆಂದವು, ಇನ್ನೊಂದು ಕಡೆ ಊರಿನವರು ಕದ್ದವು. ಆದರೆ ಕದ್ದವುಗಳ ಮೇಲೆ ನಂಬರಿರಲಿಲ್ಲ. ಇವು ಅದೇ ಗುಡಾಣದವೋ, ಯಾರೋ ಗದ್ದೆಯಲ್ಲಿ ಆರಿಸಿಕೊಂಡವೋ ಹೇಳುವುದು ಹೇಗೆ? ಅರ್ಪಿತಾ ಜಯಮ್ಮನ ಕೋಳಿ ಚೂರನ್ನು ತೆಗೆದುಕೊಂಡು ಅದರ ಒಡೆದ ಅಂಚನ್ನು ಬೆಂದ ಚೂರುಗಳ ಅಂಚಿಗೆ ಒಂದೊಂದಾಗಿ ಹಿಡಿದು ನೋಡುತ್ತಾ ಹೋದಳು. ಇಲ್ಲ. ಇಲ್ಲ. ಇದೂ ಅಲ್ಲ. ಬೀದಿಯವರೆಲ್ಲ ಜಗಲಿಯ ಮುಂದೆ ಬಂದು ನಿಂತಿದ್ದರು, ಹೆಣ್ಣು ನೋಡುವ ಶಾಸ್ತ್ರಕ್ಕೆ ಸೇರಿದ ಹಾಗೆ. ತಾಯಮ್ಮ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು.

ಟಕ್ಕೆಂದು ಕೂತಿತು. ಬಾಗಿಲಿಗೆ ಬಾಗಿಲು ಕೂತ ಹಾಗೆ, ಮಧ್ಯೆ ಒಂದು ಕೂದಲು ಹೋಗದಷ್ಟು. ಒಂದು ಚೂರು ಕೆಂಪು, ಇನ್ನೊಂದು ಬೂದಿ ಬಡಿದು ಮಂಕಾಗಿತ್ತು, ಆದರೆ ಅಂಚಿಗೆ ಅಂಚು ಕಚ್ಚಿತ್ತು.

“ಅದೇ ಗುಡಾಣ!” ಎಂದು ಅರ್ಪಿತಾ ಕೂಗಿದಳು.

“ಅದು ನಮ್ದು!” ಎಂದು ಜಯಮ್ಮ ಅದಕ್ಕಿಂತ ಜೋರಾಗಿ ಕೂಗಿದಳು. ಕದ್ದದ್ದನ್ನು ಇಷ್ಟು ಹೆಮ್ಮೆಯಿಂದ ಒಪ್ಪಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕರಿಯಪ್ಪನ ಬೆಂಚಿನ ಚೂರೂ ಕೂತಿತು. ಅವನು ಎಲ್ಲರಿಗೂ ಟೀ ಕಳಿಸಿದ. ಸತ್ತುಹೋದ ಊರಿನ ಯಾರದೋ ಮನೆಯ ಗುಡಾಣ ನಮ್ಮ ಜಗಲಿಯ ಮೇಲೆ ಅರ್ಧಂಬರ್ಧ ಎದ್ದು ನಿಂತಿತು. ಅವರ ಮನೆಯಲ್ಲಿಯೂ ಓರಗಿತ್ತಿಯರಿದ್ದರೋ ಏನೋ, ಅದನ್ನು ಒಡೆದವಳು ಯಾರೆಂದು ಜಗಳವಾಗಿತ್ತೋ ಏನೋ.

“ಅಜ್ಜಿ, ಇಷ್ಟು ಸಾಕು,” ಎಂದಳು ಅರ್ಪಿತಾ. “ಮಡಕೆ ಯಾವ ದಿಕ್ಕಿಗೆ ಕೂತಿತ್ತು ಅನ್ನೋದು ನನಗೆ ಬೇಡ. ಎಳೆತದ ಬಲ ಅಳೆಯೋಕೆ ಕೋಳಿ ಮುಂದೆ ಇದ್ದ ಚೂರಾದ್ರೂ ನಡೆಯುತ್ತೆ.”

ಎಲ್ಲರೂ ಹೋದ ಮೇಲೆ ತಾಯಮ್ಮ ಮೆಲ್ಲಗೆ ಬಂದು, ಬೆಂದ ಚೂರುಗಳ ಕಡೆ ಕೈ ತೋರಿಸಿ, “ಇವು ದಂಡ ಆದ್ವಲ್ಲ ಮಗ?” ಎಂದಳು.

ಹುಡುಗಿ ಒಂದು ಚೂರು ಎತ್ತಿ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಳು. ಆಮೇಲೆ ಅವಳ ಮುಖದಲ್ಲಿ ನಗು ಬಂತು, ನಾನು ಅದುವರೆಗೆ ನೋಡಿರದ ತುಂಟ ನಗು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಚೂರಿನ ಎಳೆತ ಅಳೆಯುವುದೆಂದರೆ ಅವಳೂ ಅದನ್ನು ಕಾಯಿಸುವುದೇ: ಸ್ವಲ್ಪ ಸ್ವಲ್ಪವಾಗಿ ಕಾಯಿಸಿ, ಗೊತ್ತಿರುವ ಎಳೆತದಲ್ಲಿ ಆರಿಸಿ, ಹಳೆಯ ನೆನಪಿಗೂ ಹೊಸ ನೆನಪಿಗೂ ಹೋಲಿಸಿ ನೋಡುವುದು. ಓದುತ್ತಾ ಓದುತ್ತಾ ಅಳಿಸುವುದು, ಸ್ಲೇಟಿನ ಹಾಗೆ. ತಾಯಮ್ಮ ಮಾಡಿದ್ದೂ ಅದನ್ನೇ, ಓದುವ ಕೆಲಸವೊಂದನ್ನು ಬಿಟ್ಟು. ಆದರೆ ಈ ವಿದ್ಯೆಯಲ್ಲಿ ಒಂದು ಅನುಮಾನ ಯಾವಾಗಲೂ ಇರುತ್ತದಂತೆ: ಇಷ್ಟೆಲ್ಲ ಮಾಡಿ ಬಂದ ಉತ್ತರ ಸರಿಯೋ ತಪ್ಪೋ? ಹಳೆಯ ಕಾಲಕ್ಕೆ ಹೋಗಿ ನೋಡಲಾಗುವುದಿಲ್ಲ. ಈಗ ತಾಯಮ್ಮನ ಒಲೆಯಲ್ಲಿ ಕಾದು ಆರಿದ ಚೂರಿಗೆ ನೆನಪಿರುವುದು ನಿನ್ನೆಯ ಎಳೆತ. ನಿನ್ನೆಯದು ಎಷ್ಟೆಂದು ಯಂತ್ರದಿಂದ ತಿಳಿಯಬಹುದು. ಮಣ್ಣು ಅದೇ, ಗುಡಾಣ ಅದೇ. ಬೆಂದ ಚೂರಿನಿಂದ ಸರಿಯಾದ ಉತ್ತರ ಬಂದರೆ, ಬೇಯದ ಚೂರು ಹೇಳುವುದನ್ನೂ ನಂಬಬಹುದು. ಅಂಗಡಿಯವನ ತಕ್ಕಡಿಯ ಮೇಲೆ ಅನುಮಾನ ಬಂದರೆ ಮೊದಲು ಗೊತ್ತಿರುವ ಕೆಜಿ ಕಲ್ಲನ್ನು ತೂಗಿಸಿ ನೋಡುವುದಿಲ್ಲವೆ, ಹಾಗೆ.

“ಚಿಕ್ಕಜ್ಜಿ, ನಿನ್ನೆ ಹೇಗೆ ಒಲೆ ಹಚ್ಚಿದ್ರೋ ಹಾಗೇ ಇವತ್ತೂ ಹಚ್ಚಬೇಕು. ಎಷ್ಟು ಬಿಸಿ ಆಗುತ್ತೆ ನೋಡ್ತೀನಿ.”

ತಾಯಮ್ಮ ನನ್ನನ್ನು ನೋಡಿದಳು. “ಅಕ್ಕ, ಚಿಪ್ಪು ಎತ್ಕೊಡು,” ಎಂದಳು. ನಲವತ್ತು ವರ್ಷದಲ್ಲಿ ಅವಳು ನನಗೆ ಕೆಲಸ ಹೇಳಿದ್ದು ಅದೇ ಮೊದಲು. ಎತ್ತಿಕೊಟ್ಟೆ. ಹುಡುಗಿ ಒಲೆಯ ಹತ್ತಿರ ಒಂದು ಸಣ್ಣ ಯಂತ್ರ ಹಿಡಿದು ಬರೆದುಕೊಳ್ಳುತ್ತಿದ್ದರೆ, ತಾಯಮ್ಮ ಮದುವಣಗಿತ್ತಿಯ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಚಿಪ್ಪು ಹಾಕುತ್ತಿದ್ದಳು.

ಅರ್ಪಿತಾ ಚೀಲಗಳೊಂದಿಗೆ ಹೊರಟುಹೋದಳು. ಅವಳು ಮತ್ತೆ ಬಂದದ್ದು ರಾಗಿ ತೆನೆ ಕೊಯ್ಯುವ ಹೊತ್ತಿಗೆ, ಕೈಯಲ್ಲಿ ಸ್ವೀಟಿನ ಡಬ್ಬಿ. ಮೊದಲು ತಾಯಮ್ಮನ ಬಾಯಿಗೆ ಒಂದು ತುಂಡು ತುರುಕಿದಳು. ತಾಯಮ್ಮನ ಒಲೆಯ ಚೂರುಗಳು ಆ ದಿನದ ಎಳೆತವನ್ನು ಸರಿಯಾಗಿ ಒಪ್ಪಿಸಿದ್ದವಂತೆ. ಅವಳ ಮೇಡಂ ತಾಯಮ್ಮನ ಹೆಸರನ್ನೇ ಹಾಕಿ ಬರೆಯಬೇಕೆಂದಿದ್ದಾರಂತೆ. ಕೋಳಿ ಚೂರೂ ಬೆಂಚಿನ ಚೂರೂ ಕೂಡಿ ಹೇಳಿದ ಸುದ್ದಿ ಏನೆಂದರೆ, ಆ ಗುಡಾಣ ಆರಿದ ಕಾಲಕ್ಕೆ ಭೂಮಿಯ ಎಳೆತ ಈಗಿನದಕ್ಕಿಂತ ಜೋರಾಗಿತ್ತು.

“ಆಗಿನ್ ಕಾಲ್ದಲ್ಲಿ ಎಲ್ಲಾ ಜೋರೇ ಕಣ್ ಮಗ,” ಎಂದು ತಾಯಮ್ಮ ಬಾಯಿ ತುಂಬ ಸಿಹಿ ಇಟ್ಟುಕೊಂಡು ತೀರ್ಪು ಕೊಟ್ಟಳು. “ರಾಗಿಮುದ್ದೆ ತಿಂತಿದ್ರು.”

ನಾನು ಬಚ್ಚಲಿಗೆ ಹೋಗಿ ನನ್ನ ಹಿಮ್ಮಡಿ ಬೋಕಿ ತಂದು ತೋರಿಸಿದೆ. ಇದಕ್ಕೆ ಏನು ನೆನಪಿದೆ ನೋಡು ಎಂದೆ. ಅರ್ಪಿತಾ ಅದನ್ನು ತಿರುಗಿಸಿ, ಕಪ್ಪು ಕೆಂಪು ನೋಡಿ, “ಹಾಳೂರಿಂದು, ಹಳೇದೇ. ಆದ್ರೆ ನಿಮ್ಮ ಅತ್ತೆ ಬೆಂಕಿ ಕಾಣಿಸಿದ್ರು ಅಂದ್ರಲ್ಲ? ಹಾಗಾದ್ರೆ ಇದಕ್ಕೆ ನೆನಪಿರೋದು ಹಾಳೂರಲ್ಲ, ನಿಮ್ಮತ್ತೆ ಒಲೆ,” ಎಂದಳು.

ನನಗೆ ನಗು ಬಂತು. ಐವತ್ತು ವರ್ಷ ನಾನು ಯಾವುದೋ ಕಾಲದವರ ಮಡಕೆಯಲ್ಲಿ ಕಾಲು ಉಜ್ಜುತ್ತಿದ್ದೇನೆ ಎಂದುಕೊಂಡಿದ್ದೆ. ಉಜ್ಜಿದ್ದು ಅತ್ತೆಯ ಬೆಂಕಿಯಲ್ಲಿ. ಅತ್ತೆಯ ಬೆಂಕಿ ಏನೆಂದು ನನಗಿಂತ ಚೆನ್ನಾಗಿ ಯಾವ ಮಡಕೆಗೂ ಗೊತ್ತಿಲ್ಲ, ಆ ವಿಷಯ ಇಲ್ಲಿಗೇ ಬಿಡುತ್ತೇನೆ. ಮಣ್ಣಿನ ಈ ಪದ್ಧತಿ ನನಗೆ ಹಿಡಿಸಿತು. ಹೊಸ ಬೆಂಕಿ ಬಂದರೆ ಹಳೆಯದನ್ನು ಬಿಟ್ಟುಬಿಡುತ್ತದೆ. ಬರದಿದ್ದರೆ ಇರುವುದನ್ನೇ ಇಟ್ಟುಕೊಂಡು, ಯಾರಾದರೂ ಕೇಳುವವರೆಗೆ ಸುಮ್ಮನಿರುತ್ತದೆ. ನಮ್ಮಂಥವರು ಎಲ್ಲ ಬೆಂಕಿಯನ್ನೂ ಒಟ್ಟಿಗೆ ಹೊತ್ತುಕೊಂಡು, ಯಾರೂ ಕೇಳದಿದ್ದರೂ ಹೇಳುತ್ತಾ ತಿರುಗುತ್ತೇವೆ. ತಾಯಮ್ಮನಿಗೆ ನನ್ನ ಮಗನ ಮದುವೆಯಲ್ಲಿ ಪಾಯಸ ಎರಡನೆಯ ಸಲ ಬಡಿಸಲಿಲ್ಲವೆಂದು ಇವತ್ತಿಗೂ ನೆನಪಿದೆ. ಆದರೆ ಆ ಹಂಡೆ ಒಲೆಯಾದ ಮೇಲೆ ಅವಳು ಅದನ್ನು ಒಮ್ಮೆಯೂ ಎತ್ತಿಲ್ಲ. ಈಗ ಯಾರು ಬಂದರೂ ಒಲೆಯ ಕಥೆಯನ್ನೇ ಹೇಳುತ್ತಾಳೆ.

ಹೊರಡುವಾಗ ಅರ್ಪಿತಾ ಅಳೆದು ಉಳಿದಿದ್ದ ಒಂದು ಚೂರನ್ನು ನನ್ನ ಕೈಗಿಟ್ಟಳು. ನಮ್ಮ ಒಲೆಯಲ್ಲಿ ಬೆಂದದ್ದು, ಅಂಗೈಯಗಲ, ಒಳಗೆ ಕಪ್ಪು ಹೊರಗೆ ಕೆಂಪು. ನೆನಪಿಗೆ ಇಟ್ಟುಕೊಳ್ಳಿ ಅಜ್ಜಿ ಎಂದಳು. ಗಾಜಿನ ಬೀರುವಿನಲ್ಲಿ ಇಡಬೇಕೆಂದು ತಾಯಮ್ಮನ ಆಸೆ.

ಮರುದಿನ ಬೆಳಗ್ಗೆ ನಾನು ಎರಡೂ ಚೂರುಗಳನ್ನು ಬಚ್ಚಲಿಗೆ ತೆಗೆದುಕೊಂಡು ಹೋಗಿ, ಎಡಗಾಲಿಗೆ ಅತ್ತೆಯ ಒಲೆ, ಬಲಗಾಲಿಗೆ ಓರಗಿತ್ತಿಯ ಒಲೆ ಹಿಡಿದು, ಹಿಮ್ಮಡಿ ಕೆಂಪಗಾಗುವ ತನಕ ಉಜ್ಜಿದೆ.